‘ಹೇಳಿ ಕಳಿಸ್ತೀವಿ’ ಅಂದೋರು ಹೇಳಿ ಕಳಿಸಲಿಲ್ಲ: ಕೆಲಸಕ್ಕೆ ಕಾಯೋರು ಒಂದು ಕಡೆ, ಕೆಲಸದವರಿಗೆ ಕಾಯೋರು ಇನ್ನೊಂದು ಕಡೆ

ಚನ್ನಗಿರಿ/ ಹೊನ್ನಾಳಿ/ ನ್ಯಾಮತಿ/ ಜಗಳೂರು: ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’. ಕೆಳಗೊಂದು ಮೊಬೈಲ್ ನಂಬರ್. ಬಟ್ಟೆ ಅಂಗಡಿ ಇರಲಿ, ಗೊಬ್ಬರದ ಅಂಗಡಿ ಇರಲಿ, ಬೇಕರಿ ಇರಲಿ, ಮೆಡಿಕಲ್ ಸ್ಟೋರ್ ಇರಲಿ, ಈ ಚೀಟಿ ಅಂಟಿಸದ ಬಜಾರು ನಾಲ್ಕೂ ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಬಿಸಿಲಿಗೆ ಕಾಗದ ಹಳದಿಯಾದರೂ ಚೀಟಿ ಕೆಳಗಿಳಿಯೋದಿಲ್ಲ. ಅದೇ ಬಜಾರಿನ ಸೈಬರ್ ಸೆಂಟರ್‌ನಲ್ಲಿ ನೋಡಿದರೆ ಅರ್ಜಿ ಹಾಕಲು, ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು, ‘ಕೀ ಆನ್ಸರ್ ಬಂತಾ’ ಅಂತ ಕೇಳಲು ಬಂದ ಹುಡುಗ ಹುಡುಗಿಯರು ನಿಂತಿರುತ್ತಾರೆ. ಕೆಲಸವೂ ಇದೆ, ಕೆಲಸ ಬೇಕಾದವರೂ ಇದ್ದಾರೆ. ಎರಡೂ ಒಂದೇ ರಸ್ತೆಯಲ್ಲಿವೆ. ಆದರೂ ಕೂಡೋದಿಲ್ಲ. ಯಾಕೆ?

ಅಂಗಡಿ ಮಾಲೀಕರ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಈಗಿನ ಹುಡುಗ್ರಿಗೆ ಕೆಲಸ ಬೇಡ, ಮೊಬೈಲ್ ಬೇಕು.’ ಇನ್ನೂ ಸ್ವಲ್ಪ ಹೊತ್ತು ಕೂತು ಮಾತಾಡಿದರೆ ನಿಜವಾದ ದೂರು ಹೊರಗೆ ಬರುತ್ತದೆ. ಹುಡುಗ ಬಂದ, ಮಾತಾಡಿದ, ‘ಸೋಮವಾರದಿಂದ ಬರ್ತೀನಣ್ಣ’ ಅಂದ. ಸೋಮವಾರ ಬರಲಿಲ್ಲ. ಫೋನ್ ಮಾಡಿದರೆ ರಿಂಗ್ ಆಗುತ್ತೆ, ಎತ್ತೋದಿಲ್ಲ. ಬುಧವಾರದ ಹೊತ್ತಿಗೆ ಸ್ವಿಚ್ ಆಫ್. ಅವನು ಬರ್ತಾನೆ ಅಂತ ನಂಬಿ ಬೇರೆ ಇಬ್ಬರನ್ನ ವಾಪಸ್ ಕಳಿಸಿದ್ದ ಮಾಲೀಕನಿಗೆ ಹಬ್ಬದ ಸೀಸನ್ನಿನಲ್ಲಿ ಕೈ ಕಾಲು ಕಟ್ಟಿದ ಹಾಗಾಗುತ್ತೆ.

ಇದೇ ಮಾತನ್ನು ಹುಡುಗನ ಕಡೆಯಿಂದ ಕೇಳಿದರೆ ಕಥೆ ಬೇರೆ. ಅವನು ಹೋಗಿ ವಿಚಾರಿಸಿದಾಗ ಸಂಬಳ ಎಷ್ಟು ಅಂತ ಹೇಳಲೇ ಇಲ್ಲ. ‘ಮೊದಲು ಬಾರಪ್ಪ, ಕೆಲಸ ನೋಡೋಣ, ಆಮೇಲೆ ಮಾತಾಡೋಣ’ ಅಂದರು. ರಾತ್ರಿ ಎಷ್ಟು ಗಂಟೆಗೆ ಬಿಡ್ತಾರೆ ಗೊತ್ತಿಲ್ಲ. ಹೊನ್ನಾಳಿ, ಜಗಳೂರು ಸುತ್ತಿನ ಹಳ್ಳಿಯವನಾದರೆ ಊರಿಗೆ ಕೊನೇ ಬಸ್ ಸಿಗುತ್ತೋ ಇಲ್ಲವೋ ಅನ್ನೋದೇ ಸಂಬಳಕ್ಕಿಂತ ದೊಡ್ಡ ಪ್ರಶ್ನೆ. ಅಷ್ಟರಲ್ಲಿ ಶಿವಮೊಗ್ಗದಲ್ಲಿರುವ ಗೆಳೆಯ ಫೋನ್ ಮಾಡಿ ‘ಇಲ್ಲಿ ಡೆಲಿವರಿ ಕೆಲಸ ಐತೆ, ನಾಳೆನೇ ಬಾ’ ಅಂದ. ನಾಳೆ ಅಂತ ದಿನ ಹೇಳಿದ ಕಡೆ ಅವನು ಹೋದ.

ಈ ಎರಡೂ ಕಥೆ ನಿಜ. ಎರಡರ ನಡುವೆ ಬಿಟ್ಟುಹೋದ ಮೂರನೆಯದೊಂದು ಇದೆ. ಆ ಹುಡುಗ ಬಹುಪಾಲು ಇನ್ನೊಂದು ಕಡೆ ಅರ್ಧ ಸಿಕ್ಕಿಹಾಕಿಕೊಂಡಿರುತ್ತಾನೆ. ಎಲ್ಲೋ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶಕ್ಕೋ ದಾಖಲೆ ಪರಿಶೀಲನೆಗೋ ಆಯ್ಕೆ ಪಟ್ಟಿಗೋ ಕಾಯುತ್ತಿರುತ್ತಾನೆ. ‘ಇವತ್ತಲ್ಲ ನಾಳೆ ಬರುತ್ತೆ’ ಅನ್ನೋ ಆಸೆಯಲ್ಲಿ ಅಂಗಡಿ ಕೆಲಸಕ್ಕೆ ಮನಸ್ಸು ಕೊಡೋದಿಲ್ಲ. ಬರೋದೇ ಇಲ್ಲ ಅಂತ ಯಾರೂ ಅವನಿಗೆ ಹೇಳೋದೂ ಇಲ್ಲ.

ಒಂದು ಪರೀಕ್ಷೆ, ಮೂರೂಮುಕ್ಕಾಲು ವರ್ಷ

ಪಿಎಸ್‌ಐ ನೇಮಕಾತಿಯ ಉದಾಹರಣೆ ನೋಡಿ. 545 ಸಿವಿಲ್ ಪಿಎಸ್‌ಐ ಹುದ್ದೆಗೆ ಅಧಿಸೂಚನೆ ಬಂದದ್ದು 2021ರ ಜನವರಿಯಲ್ಲಿ. ಲಿಖಿತ ಪರೀಕ್ಷೆ ನಡೆದದ್ದು ಅದೇ ವರ್ಷ ಅಕ್ಟೋಬರ್ 3ರಂದು. 54 ಸಾವಿರದಷ್ಟು ಜನ ಬರೆದರು. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು, ಹೆಸರು ಇದ್ದವರ ಮನೆಯಲ್ಲಿ ಸಿಹಿ ಹಂಚಿದರು. ಏಪ್ರಿಲ್‌ನಲ್ಲಿ ಹಗರಣ ಹೊರಗೆ ಬಂತು, ಆ ತಿಂಗಳ 29ರಂದು ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ನೇಮಕಾತಿ ವಿಭಾಗದ ಎಡಿಜಿಪಿಯೇ ಜೈಲಿಗೆ ಹೋದರು. ಮರುಪರೀಕ್ಷೆ ಮಾಡಬೇಕೋ ಬೇಡವೋ ಅನ್ನೋದು ಹೈಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ 2023ರ ನವೆಂಬರ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಮರುಪರೀಕ್ಷೆ ಮಾಡಿದ್ದು 2024ರ ಜನವರಿ 23ಕ್ಕೆ. ಅಂತಿಮ ಪಟ್ಟಿ ಬಂದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ.

ಅರ್ಜಿ ಹಾಕಿದಾಗ 24 ವರ್ಷದ ಹುಡುಗನಿಗೆ ಪಟ್ಟಿ ನೋಡುವಾಗ 28ರ ಹತ್ತಿರ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ, ಪರೀಕ್ಷೆ ರದ್ದಾದದ್ದೂ ಸರಿಯೇ ಇರಬಹುದು. ಏನೂ ತಪ್ಪು ಮಾಡದ ಉಳಿದವರು ಆ ನಾಲ್ಕು ವರ್ಷ ಏನು ಮಾಡಬೇಕಿತ್ತು? ಬೆಳಿಗ್ಗೆ ಎದ್ದು ಓಡಬೇಕಿತ್ತಾ, ಪುಸ್ತಕ ಮುಚ್ಚಬೇಕಿತ್ತಾ, ಬೇರೆ ಕೆಲಸಕ್ಕೆ ಸೇರಬೇಕಿತ್ತಾ? ಅವರಿಗೆ ಸುದ್ದಿ ಸಿಕ್ಕಿದ್ದು ಟಿವಿಯಿಂದ, ವಾಟ್ಸಾಪ್ ಗ್ರೂಪಿನಿಂದ, ಕೋಚಿಂಗ್ ಸೆಂಟರ್ ಮೇಷ್ಟ್ರ ಯೂಟ್ಯೂಬ್ ಚಾನೆಲ್‌ನಿಂದ.

ಕೆಎಎಸ್ ಕಥೆ ಇನ್ನೂ ಒಂದು ನಮೂನೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಕೆಪಿಎಸ್‌ಸಿ ಅಧಿಸೂಚನೆ ಹೊರಡಿಸಿದ್ದು 2024ರ ಫೆಬ್ರುವರಿಯಲ್ಲಿ. ಪೂರ್ವಭಾವಿ ಪರೀಕ್ಷೆಯ ದಿನಾಂಕ ಒಂದಲ್ಲ ಎರಡಲ್ಲ, ಹಲವು ಸಲ ಬದಲಾಗಿ ಆಗಸ್ಟ್ 27ರ ಮಂಗಳವಾರಕ್ಕೆ ಬಂತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದರೆ, ಕನ್ನಡ ಮಾಧ್ಯಮದವರು ಇಂಗ್ಲಿಷ್ ಪ್ರಶ್ನೆ ಓದಿ ಕನ್ನಡ ಅರ್ಥ ಮಾಡಿಕೊಳ್ಳಬೇಕಾಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮರುಪರೀಕ್ಷೆಗೆ ಮುಖ್ಯಮಂತ್ರಿ ಸೂಚಿಸಿದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು, ಅನುವಾದದ ತಪ್ಪು ಮತ್ತೆ ಬಂತು! ಜಗಳೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ಅಭ್ಯರ್ಥಿಗೆ ಕನ್ನಡದ ಪರೀಕ್ಷಾ ಸಂಸ್ಥೆಯೇ ಕೊಟ್ಟ ಮರ್ಯಾದೆ ಇದು.

ಇದಕ್ಕಿಂತ ಹಳೆಯದು 2011ರ ಬ್ಯಾಚಿನದು. 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆ. ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು ಪಟ್ಟಿಯೂ ಬಂದ ಮೇಲೆ, ಅಕ್ರಮದ ಆರೋಪದಿಂದ ಸರ್ಕಾರ 2014ರಲ್ಲಿ ಪಟ್ಟಿ ವಾಪಸ್ ಪಡೆಯಿತು. 2016ರಲ್ಲಿ ಕೆಎಟಿ ಅಭ್ಯರ್ಥಿಗಳ ಪರ ಆದೇಶ ಕೊಟ್ಟಿತು, 2018ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2022ರಲ್ಲಿ ವಿಧಾನಮಂಡಲದಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ನೇಮಕಾತಿಗೆ ದಾರಿ ಮಾಡಲಾಯಿತು. ಅಧಿಸೂಚನೆಯ ವರ್ಷ ಹುಟ್ಟಿದ ಮಗು ಆಗ ಐದನೇ ಕ್ಲಾಸು.

ಹೆಣ್ಣುಮಕ್ಕಳಿಗೆ ಕಾಯುವುದು ಬೇರೆಯದೇ ತೊಂದರೆ ತರುತ್ತದೆ. 15 ಸಾವಿರ ಪದವೀಧರ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಇದು ಎಲ್ಲರ ಕಣ್ಣಿಗೆ ಬಿತ್ತು. 2022ರ ಮೇನಲ್ಲಿ ಪರೀಕ್ಷೆ ಆಯಿತು, ನವೆಂಬರ್‌ನಲ್ಲಿ ತಾತ್ಕಾಲಿಕ ಪಟ್ಟಿ ಬಂತು. ಆಮೇಲೆ ಮದುವೆಯಾದ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲಿರಬೇಕೋ ಅನ್ನೋ ಪ್ರಶ್ನೆ ಕೋರ್ಟ್ ಹತ್ತಿತು. ಪಟ್ಟಿ ರದ್ದಾಯಿತು, ಹೊಸ ಪಟ್ಟಿ ಬಂತು, ಮತ್ತೆ ಕೋರ್ಟು. 2023ರ ಅಕ್ಟೋಬರ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ದಾರಿ ಬಿಟ್ಟ ಮೇಲೆ 13 ಸಾವಿರಕ್ಕೂ ಹೆಚ್ಚು ಮಂದಿಯ ನೇಮಕಾತಿ ಮುಂದೆ ಹೋಯಿತು. ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಯಾವ ಹೆಸರಿನ ಪ್ರಮಾಣಪತ್ರ ಬೇಕು ಅನ್ನೋದನ್ನು ಅರ್ಜಿ ಕರೆಯುವಾಗಲೇ ಯಾರಿಗೂ ಅನುಮಾನ ಉಳಿಯದ ಹಾಗೆ ಒಂದು ಸಾಲಿನಲ್ಲಿ ಬರೆದಿದ್ದರೆ ಇಷ್ಟು ಓಡಾಟವೇ ಇರುತ್ತಿರಲಿಲ್ಲ. ನಾಡಕಚೇರಿ ಮುಂದೆ ಮಗು ಎತ್ತಿಕೊಂಡು ನಿಂತವರಿಗೆ ಅಪ್ಪನ ಹೆಸರಿನದ್ದು ಒಂದು, ಗಂಡನ ಹೆಸರಿನದ್ದು ಒಂದು, ಯಾವುದಕ್ಕೂ ಇರಲಿ ಅಂತ ಎರಡೂ ಮಾಡಿಸುವ ಗತಿ ಬರುತ್ತಿರಲಿಲ್ಲ.

ಆಮೇಲೆ ಬಂದದ್ದು ಅಧಿಸೂಚನೆಗೇ ತಡೆ. ಪರಿಶಿಷ್ಟ ಜಾತಿಯ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು, ಅದೇ ತಿಂಗಳು ಸಂಪುಟ ಒಳಮೀಸಲಾತಿಗೆ ಒಪ್ಪಿತು. ದಶಕಗಳ ಬೇಡಿಕೆ ಅದು, ಆಗಲೇಬೇಕಿತ್ತು. ಆ ಅವಧಿಯಲ್ಲಿ ಎಲ್ಲ ಜಾತಿಯ ಅಭ್ಯರ್ಥಿಗಳ ವಯಸ್ಸೂ ಏರುತ್ತಾ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದ ರಸ್ತೆಗೆ ಸಾವಿರಾರು ಅಭ್ಯರ್ಥಿಗಳು ಇಳಿದರು. ಅದೇ ತಿಂಗಳ ಕೊನೆಗೆ ಸರ್ಕಾರ ನೇರ ನೇಮಕಾತಿಗೆ ಗರಿಷ್ಠ ವಯೋಮಿತಿಯಲ್ಲಿ 3 ವರ್ಷದ ಸಡಿಲಿಕೆ ಕೊಟ್ಟಿತು. ಸಾಮಾನ್ಯ ವರ್ಗಕ್ಕೆ 35 ಇದ್ದದ್ದು 38 ಆಯಿತು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ ಇವೆ ಅಂತ ಸರ್ಕಾರವೇ ಒಪ್ಪಿಕೊಂಡಿರುವ ಕಾಲದಲ್ಲಿ ಇದೆಲ್ಲ ನಡೆದಿದೆ.

ವಯೋಮಿತಿ ಸಡಿಲಿಕೆ ಒಳ್ಳೆಯದೇ. ಮನೆಯಲ್ಲಿ ಅದರ ಅರ್ಥ ಏನಾಗುತ್ತೆ ಅನ್ನೋದನ್ನೂ ನೋಡಬೇಕು. ‘ಇನ್ನು ಮುಗೀತು, ಬೇರೆ ದಾರಿ ನೋಡ್ಕೊಳ್ತೀನಿ’ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದ 36ರ ಮಗ ಮತ್ತೆ ಪುಸ್ತಕ ತೆಗೆಯುತ್ತಾನೆ. ಹೆಣ್ಣು ಕೊಡೋರು ‘ಹುಡುಗ ಏನ್ ಮಾಡ್ತಾನೆ’ ಅಂತ ಕೇಳಿದರೆ ಅಪ್ಪ ‘ಓದ್ತಾ ಇದಾನೆ’ ಅನ್ನಬೇಕು.

ಕಾಯೋದಕ್ಕೂ ದುಡ್ಡು ಬೇಕು

ನಾಲ್ಕು ತಾಲ್ಲೂಕು ಒಂದೇ ಜಿಲ್ಲೆಯಲ್ಲಿದ್ದರೂ ಕಾಯುವ ಶಕ್ತಿ ಒಂದೇ ಅಲ್ಲ. ಈ ವಿಚಾರ ಯಾರೂ ಮಾತಾಡೋದಿಲ್ಲ.

ಚನ್ನಗಿರಿ ಕಡೆ ನೀರಿದ್ದ ಅಡಿಕೆ ತೋಟದ ಮನೆಯ ಮಗನಾದರೆ ದಾವಣಗೆರೆಯಲ್ಲೋ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ಎರಡು ಮೂರು ವರ್ಷ ಓದಬಹುದು. ಅಡಿಕೆ ರೇಟು ಇದ್ದರೆ ಮನೆಯಲ್ಲಿ ಕೇಳೋದೂ ಇಲ್ಲ. ಹೊನ್ನಾಳಿ, ನ್ಯಾಮತಿಯ ಭತ್ತ, ಮೆಕ್ಕೆಜೋಳದ ಸಣ್ಣ ಹಿಡುವಳಿಯವರು ಒಂದು ವರ್ಷ ತಡೆದುಕೊಳ್ಳಬಹುದು, ಎರಡನೇ ವರ್ಷಕ್ಕೆ ‘ಏನಾತಪ್ಪ ರಿಸಲ್ಟು?’ ಅನ್ನೋ ಪ್ರಶ್ನೆ ಊಟದ ತಟ್ಟೆ ಮುಂದೆ ಬರುತ್ತೆ. ಮಳೆ ನಂಬಿದ ಜಗಳೂರಿನ ಒಣಭೂಮಿಯ ಮನೆಯಲ್ಲಿ ಆ ಪ್ರಶ್ನೆ ಆರು ತಿಂಗಳಿಗೇ ಬರುತ್ತೆ. ಕೆರೆ ತುಂಬಿಸುವ ಯೋಜನೆಗೆ, ಭದ್ರಾ ಮೇಲ್ದಂಡೆಗೆ ಕಾದು ರೂಢಿಯಾದ ತಾಲ್ಲೂಕು ಅದು. ಮಗನ ಆರ್ಡರ್ ಕಾಪಿಗೂ ಕಾಯಿ ಅಂದರೆ ಎಲ್ಲಿಂದ ತರೋದು?

ಅರ್ಜಿ ಶುಲ್ಕ, ಸೈಬರ್ ಸೆಂಟರ್ ಖರ್ಚು, ಪರೀಕ್ಷೆಗೆ ದೂರದ ಊರಿಗೆ ಹೋಗಿಬರೋದು, ಹಿಂದಿನ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗೋದು, ದಿನಾಂಕ ಮುಂದೆ ಹೋದರೆ ರೂಮಿಗೆ ಮತ್ತೆ ಮೂರು ತಿಂಗಳ ಬಾಡಿಗೆ. ಪರೀಕ್ಷೆ ಒಂದು ತಿಂಗಳು ಮುಂದಕ್ಕೆ ಹೋಯಿತು ಅಂತ ಬೆಂಗಳೂರಿನಲ್ಲಿ ಒಂದು ಸಾಲಿನ ಪ್ರಕಟಣೆ ಹೊರಟರೆ, ಹಳ್ಳಿಯ ಮನೆಯಲ್ಲಿ ಅದಕ್ಕೊಂದು ಬಿಲ್ ಬರುತ್ತೆ. ಹೀಗೆ ಎಳೆದಷ್ಟೂ ಕೊನೆಗೆ ಉಳಿಯೋರು ಚೆನ್ನಾಗಿ ಓದಿದವರೇ ಆಗಬೇಕಿಲ್ಲ. ಕಾಯೋಕೆ ತಾಕತ್ತಿದ್ದವರು ಉಳಿಯುತ್ತಾರೆ. ಪರೀಕ್ಷೆಯಲ್ಲಿ ಮೀಸಲಾತಿ ಇದೆ, ಕಾಯುವುದರಲ್ಲಿ ಇಲ್ಲ.

ಯುವನಿಧಿ ಇದೆಯಲ್ಲ ಅನ್ನಬಹುದು. ಪಕ್ಕದ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಅದು ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500. ಗರಿಷ್ಠ 2 ವರ್ಷ. ಪಿಎಸ್‌ಐ ನೇಮಕಾತಿಗೆ ಹಿಡಿದ ಕಾಲದ ಪಕ್ಕದಲ್ಲಿ ಇಟ್ಟು ನೋಡಿದರೆ ಭತ್ಯೆ ಅರ್ಧ ದಾರಿಯಲ್ಲೇ ನಿಲ್ಲುತ್ತೆ. ಕೆಲಸಕ್ಕೆ ಸೇರಿಲ್ಲ ಅಂತ ಘೋಷಣೆ ಕೊಡಬೇಕಾದ್ದರಿಂದ, ಅಂಗಡಿಗೆ ಸೇರಿದ ಹುಡುಗ ‘ಅಣ್ಣ, ನನ್ ಹೆಸರು ಎಲ್ಲೂ ಬರೀಬೇಡಿ’ ಅನ್ನುವಂಥ ಸಂದರ್ಭವೂ ಹುಟ್ಟುತ್ತೆ. ಹೆಸರು ಬರೆಯದ ಕೆಲಸಕ್ಕೆ ಹುಡುಗನೂ ಕಟ್ಟುಬೀಳೋದಿಲ್ಲ, ಮಾಲೀಕನೂ ಕಟ್ಟುಬೀಳೋದಿಲ್ಲ.

ಮೇಳದಲ್ಲಿ ಸಿಕ್ಕ ಕಾಗದ

ಖಾಸಗಿ ಕಂಪನಿಗಳು ಇದಕ್ಕಿಂತ ಮೇಲು ಅಂತ ಹೇಳೋಕೆ ಬರೋದಿಲ್ಲ. ಉದ್ಯೋಗ ಮೇಳಕ್ಕೆ ಹೋದವರಿಗೆ ಗೊತ್ತು. ಪೆಂಡಾಲು, ಭಾಷಣ, ಸಾಲು ಮೇಜು, ಬಯೊಡೇಟಾ ಕಟ್ಟು. ‘ಸೆಲೆಕ್ಟ್ ಆಗಿದೀರ, ಎಚ್‌ಆರ್ ಫೋನ್ ಮಾಡ್ತಾರೆ’ ಅಂತ ಹೇಳಿ ಕಳಿಸುತ್ತಾರೆ. ಕೆಲವರಿಗೆ ಫೋನ್ ಬರುತ್ತೆ, ಬಂದಾಗ ಗೊತ್ತಾಗೋದು ಕೆಲಸ ಇರೋದು ಹೊಸೂರಿನಲ್ಲೋ ದಾಬಸ್‌ಪೇಟೆಯಲ್ಲೋ, ಸಂಬಳದಲ್ಲಿ ರೂಮು ಊಟ ಕಳೆದರೆ ಮನೆಗೆ ಕಳಿಸೋಕೆ ಏನೂ ಉಳಿಯೋದಿಲ್ಲ ಅಂತ. ಬಹಳ ಜನಕ್ಕೆ ಫೋನೇ ಬರೋದಿಲ್ಲ. ಮೇಳದ ಮರುದಿನ ಪತ್ರಿಕೆಯಲ್ಲಿ ಎಷ್ಟು ಜನ ‘ಆಯ್ಕೆ’ ಆದರು ಅನ್ನೋ ಲೆಕ್ಕ ಇರುತ್ತೆ. ಆರು ತಿಂಗಳ ನಂತರ ಅವರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ ಅನ್ನೋ ಲೆಕ್ಕವನ್ನ ಯಾರೂ ಕೇಳೋದಿಲ್ಲ.

ಆ ಲೆಕ್ಕ ಸಿಕ್ಕಿದ ಒಂದು ಕಡೆ ಇದೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪಿಎಂ ಇಂಟರ್ನ್‌ಶಿಪ್ ಯೋಜನೆಯ ಪ್ರಾಯೋಗಿಕ ಸುತ್ತು ಶುರು ಮಾಡಿತು. ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000. ಸಂಸತ್ತಿಗೆ ಕೊಟ್ಟ ಮಾಹಿತಿ ಪ್ರಕಾರ ಮೊದಲ ಸುತ್ತಿನಲ್ಲಿ 82 ಸಾವಿರದಷ್ಟು ಅವಕಾಶಗಳನ್ನು ಅಭ್ಯರ್ಥಿಗಳ ಮುಂದಿಟ್ಟರು. ಒಪ್ಪಿಗೆ ಬಂದದ್ದು 28 ಸಾವಿರದಷ್ಟು. ಕೊನೆಗೆ ಹೋಗಿ ಸೇರಿದವರು 8,700ರ ಆಸುಪಾಸು. ಅಂದರೆ ಹತ್ತಕ್ಕೆ ಒಬ್ಬರು! ಜಾಗ ದೂರ, ಅವಧಿ ಉದ್ದ, ಕೆಲಸ ಇಷ್ಟವಿಲ್ಲ ಅನ್ನೋದು ಅಭ್ಯರ್ಥಿಗಳಿಂದ ಬಂದ ಕಾರಣಗಳು. ಮನೆ ಹತ್ತಿರ ಸಿಕ್ಕರೆ ಸಾಕು ಅನ್ನೋರೇ ಹೆಚ್ಚು.

ಈ ಅಂಕಿ ಅಂಗಡಿ ಮಾಲೀಕರ ಪಾಲಿಗೆ ಒಳ್ಳೆಯ ಸುದ್ದಿ ಅಂತ ಓದಬೇಕು. ದೇಶದ ದೊಡ್ಡ ದೊಡ್ಡ ಕಂಪನಿ ಹೆಸರಿದ್ದರೂ ಹುಡುಗರು ಹೋಗಲಿಲ್ಲ, ಮನೆ ಹತ್ತಿರದ್ದು ಬೇಕು ಅಂದರು. ಹೊನ್ನಾಳಿ ಸಂತೆ ರಸ್ತೆಯ ಅಂಗಡಿಗಿಂತ ಮನೆ ಹತ್ತಿರ ಇನ್ನೇನಿದೆ?

ಸರ್ಕಾರಕ್ಕೆ ಕಾಯ್ತಾರೆ, ಅಂಗಡಿಗೆ ಕಾಯೋದಿಲ್ಲ

ಸರ್ಕಾರ ನಾಲ್ಕು ವರ್ಷ ಸುಮ್ಮನಿದ್ದರೂ ಅಭ್ಯರ್ಥಿ ಬಿಟ್ಟು ಹೋಗೋದಿಲ್ಲ, ಯಾಕೆಂದರೆ ಕೊನೆಯಲ್ಲಿ ಸಿಗೋದು ಅಷ್ಟು ದೊಡ್ಡದು. ಹಾಗಾಗಿ ಅಲ್ಲಿ ಸುಮ್ಮನಿರುವುದರ ನಷ್ಟ ಅಭ್ಯರ್ಥಿಯ ತಲೆ ಮೇಲೆ. ಅಂಗಡಿ ಮಾಲೀಕ ನಾಲ್ಕು ದಿನ ಸುಮ್ಮನಿದ್ದರೆ ಹುಡುಗ ಬೇರೆ ಕಡೆ ಹೋಗಿರುತ್ತಾನೆ. ಇಲ್ಲಿ ನಷ್ಟ ಮಾಲೀಕನದ್ದೇ. ತಪ್ಪು ಒಂದೇ, ದಂಡ ಕಟ್ಟೋರು ಬೇರೆ ಬೇರೆ. ‘ಹೇಳಿ ಕಳಿಸ್ತೀನಿ’ ಅನ್ನೋ ಮಾತು ಕೆಪಿಎಸ್‌ಸಿಗೆ ನಡೆಯುತ್ತೆ, ಕಿರಾಣಿ ಅಂಗಡಿಗೆ ನಡೆಯೋದಿಲ್ಲ.

ಹಾಗಾದರೆ ಹಿಡಿದಿಟ್ಟುಕೊಳ್ಳೋದು ಹೇಗೆ? ಸಂಬಳ ಜಾಸ್ತಿ ಕೊಡಿ ಅನ್ನೋದು ಸುಲಭದ ಸಲಹೆ. ಆನ್‌ಲೈನ್ ಮಾರಾಟದ ಜೊತೆ ಗುದ್ದಾಡುತ್ತಿರುವ ತಾಲ್ಲೂಕು ಕೇಂದ್ರದ ವ್ಯಾಪಾರಿಗೆ ಅದು ಹೇಳಿದಷ್ಟು ಸುಲಭ ಅಲ್ಲ. ದುಡ್ಡಿಲ್ಲದೆ ಆಗುವ ಕೆಲಸಗಳಿವೆ. ಹುಡುಗ ವಿಚಾರಿಸಲು ಬಂದ ದಿನವೇ ಸಂಬಳ ಎಷ್ಟು, ಯಾವ ತಾರೀಖಿಗೆ ಕೊಡ್ತೀವಿ, ವಾರದ ರಜೆ ಯಾವತ್ತು, ರಾತ್ರಿ ಎಷ್ಟು ಗಂಟೆಗೆ ಬಿಡ್ತೀವಿ ಅಂತ ಹೇಳಿಬಿಡುವುದು. ‘ಸೋಮವಾರ ಬಾ’ ಅಂದರೆ ಭಾನುವಾರ ಸಂಜೆ ಒಂದು ಫೋನ್ ಮಾಡುವುದು. ಬೇಡ ಅಂತ ತೀರ್ಮಾನವಾದರೆ ‘ಈ ಸಲ ಆಗಲಿಲ್ಲಪ್ಪ, ದೀಪಾವಳಿ ಹೊತ್ತಿಗೆ ಬೇಕಾಗಬಹುದು’ ಅಂತ ಹೇಳುವುದು. ಹಾಗೆ ಹೇಳಿಸಿಕೊಂಡ ಹುಡುಗ ದೀಪಾವಳಿ ಹೊತ್ತಿಗೆ ತಾನಾಗಿ ಬಂದು ಕೇಳ್ತಾನೆ. ಏನೂ ಹೇಳಿಸಿಕೊಳ್ಳದವನು ಆ ಅಂಗಡಿ ಬಗ್ಗೆ ಇನ್ನೂ ನಾಲ್ಕು ಜನಕ್ಕೆ ಹೇಳ್ತಾನೆ. ಸಣ್ಣ ಊರು, ಮಾತು ಬೇಗ ಓಡುತ್ತೆ.

ಅಡಿಕೆ ಕೆಲಸದವರು ಇದನ್ನು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಕೊಯ್ಲು ಶುರುವಾಗೋಕೆ ಮುಂಚೆಯೇ ಕೊನೆ ತೆಗೆಯೋರಿಗೆ, ಸುಲಿಯೋರಿಗೆ ಹೇಳಿ ಇಟ್ಟಿರುತ್ತಾರೆ, ಮುಂಗಡ ಕೊಟ್ಟಿರುತ್ತಾರೆ, ಎಷ್ಟಕ್ಕೆ ಎಷ್ಟು ಅನ್ನೋದು ಮೊದಲೇ ಮಾತಾಗಿರುತ್ತೆ. ದಿನ ಹತ್ತಿರ ಬಂದಾಗ ಇನ್ನೊಂದು ಸಲ ಮನೆಗೇ ಹೋಗಿ ಬರುತ್ತಾರೆ. ಒಂದು ದಿನ ತಪ್ಪಿದರೆ ಕಾಯಿ ಹಣ್ಣಾಗುತ್ತೆ, ರೇಟು ಬೀಳುತ್ತೆ ಅಂತ ಅವರಿಗೆ ಗೊತ್ತು. ಮುಂಗಡ ಕೊಟ್ಟು ಕಟ್ಟಿಹಾಕುವ ಪದ್ಧತಿಯಲ್ಲಿ ಕೆಟ್ಟದ್ದೂ ಇದೆ, ಅದನ್ನ ಅಂಗಡಿಗೆ ತರಬೇಕಾಗಿಲ್ಲ. ಮಾತು ಮೊದಲೇ ಆಗಿರಬೇಕು, ದಿನ ಹತ್ತಿರ ಬಂದಾಗ ಇನ್ನೊಂದು ಸಲ ಕೇಳಬೇಕು ಅನ್ನೋದಷ್ಟು ತಂದರೆ ಸಾಕು.

ಇನ್ನೊಂದು ಮಾತು, ಇದು ಮಾಲೀಕರಿಗೆ ಮೊದಲು ಹಿಡಿಸಲಿಕ್ಕಿಲ್ಲ. ಬಂದ ಹುಡುಗ ಪರೀಕ್ಷೆಗೆ ಓದುತ್ತಿದ್ದಾನಾ ಅಂತ ನೇರವಾಗಿ ಕೇಳಿಬಿಡಬೇಕು. ಈಗ ಏನಾಗಿದೆ ಅಂದರೆ, ‘ಓದ್ತಿದೀನಿ’ ಅಂದರೆ ಕೆಲಸ ಕೊಡಲ್ಲ ಅಂತ ಹುಡುಗ ಮುಚ್ಚಿಡುತ್ತಾನೆ, ಪರೀಕ್ಷೆ ಹಿಂದಿನ ದಿನ ಹೇಳದೆ ಮಾಯವಾಗುತ್ತಾನೆ, ಮುಖ ತೋರಿಸೋಕೆ ನಾಚಿಕೆಯಾಗಿ ಮತ್ತೆ ಬರೋದೇ ಇಲ್ಲ. ‘ಪರೀಕ್ಷೆ ಇದ್ದಾಗ ಒಂದು ವಾರ ಮುಂಚೆ ಹೇಳು, ಎರಡು ದಿನ ರಜೆ ತಗೋ, ಆರ್ಡರ್ ಬಂದರೆ ಹದಿನೈದು ದಿನ ಮುಂಚೆ ತಿಳಿಸು’ ಅಂತ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ಆ ಆರ್ಡರ್ ಬರೋದಕ್ಕೆ ಎಷ್ಟು ವರ್ಷ ಹಿಡಿಯುತ್ತೆ ಅನ್ನೋದು ಮೇಲಿನ ಕಥೆಗಳಲ್ಲೇ ಇದೆ. ಅಷ್ಟು ವರ್ಷ ಲೆಕ್ಕ ಬಲ್ಲ, ಕಂಪ್ಯೂಟರ್ ಬಲ್ಲ, ಗಿರಾಕಿ ಜೊತೆ ಮರ್ಯಾದೆಯಾಗಿ ಮಾತಾಡಬಲ್ಲ ಪದವೀಧರ ಅಂಗಡಿಯಲ್ಲಿ ಇರುತ್ತಾನೆ. ಬೆಳಿಗ್ಗೆ ಓದಿ ಹತ್ತಕ್ಕೆ ಬರ್ತೀನಿ ಅಂದರೆ ಒಪ್ಪಿಕೊಳ್ಳುವ ಅಂಗಡಿಗೆ ಅಂಥವರು ಸಿಗುತ್ತಾರೆ.

ಕಾನೂನಿನ ವಿಚಾರವೂ ಬಹಳ ಜನಕ್ಕೆ ಗೊತ್ತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕೆಲಸಕ್ಕೆ ತೆಗೆದುಕೊಂಡ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು. 2025ರ ನವೆಂಬರ್ 21ರಿಂದ ಕೇಂದ್ರ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳಲ್ಲೂ ಎಲ್ಲ ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕು ಅನ್ನೋದಿದೆ. ತಾಲ್ಲೂಕಿನ ಬಜಾರಿನಲ್ಲಿ ಇಂಥ ಪತ್ರ ನೋಡಿದವರು ಎಷ್ಟಿದ್ದಾರೋ! ಮಾಲೀಕರಿಗೆ ಇದು ಇನ್ಸ್‌ಪೆಕ್ಟರ್ ಕಾಟ ಅನ್ನಿಸುತ್ತೆ. ಅದೇ ಕಾಗದ ಹುಡುಗನ ಕೈಗೆ ಹೋದರೆ, ಅವನು ಅದನ್ನ ಮನೆಯಲ್ಲಿ ಅಮ್ಮನಿಗೆ ತೋರಿಸುತ್ತಾನೆ. ಕಾಗದ ಕೊಟ್ಟ ಕಡೆ ಹೇಳದೆ ಬಿಟ್ಟು ಹೋಗೋದು ಅಷ್ಟು ಸಲೀಸಲ್ಲ.

ಸರ್ಕಾರದಿಂದ ಆಗಬೇಕಾದದ್ದು

ಪರೀಕ್ಷೆ ನಡೆಸೋರು ಕಲಿಯೋದಕ್ಕೆ ದೂರ ಹೋಗಬೇಕಿಲ್ಲ. ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ಕ್ಯಾಲೆಂಡರನ್ನು ತಿಂಗಳುಗಟ್ಟಲೆ ಮೊದಲೇ ಹಾಕುತ್ತೆ. ಪ್ರಿಲಿಮ್ಸ್‌ನಿಂದ ಅಂತಿಮ ಫಲಿತಾಂಶದವರೆಗೆ ಹೆಚ್ಚು ಕಡಿಮೆ ಒಂದು ವರ್ಷ. ಅಲ್ಲೂ ಲಕ್ಷಾಂತರ ಜನ ಫೇಲಾಗುತ್ತಾರೆ, ಆದರೆ ಯಾವತ್ತು ಫೇಲಾಗ್ತೀವಿ ಅನ್ನೋದು ಗೊತ್ತಿರುತ್ತೆ. ಸಂದರ್ಶನದವರೆಗೆ ಹೋಗಿ ಕೈತಪ್ಪಿದವರಲ್ಲಿ ಒಪ್ಪಿದವರ ವಿವರವನ್ನು ಬೇರೆ ಸಂಸ್ಥೆಗಳು ನೋಡಿ ಕೆಲಸ ಕೊಡಲಿ ಅಂತ ‘ಪ್ರತಿಭಾ ಸೇತು’ ಅನ್ನೋ ವ್ಯವಸ್ಥೆಯನ್ನೂ ಮಾಡಿದೆ. ಇಲ್ಲಿ ಸಂದರ್ಶನಕ್ಕೆ ಹೋಗಿ ಬಂದವರ ಅಂಕ, ಶ್ರಮ ಎಲ್ಲ ಫೈಲಿನಲ್ಲೇ ಉಳಿಯುತ್ತೆ.

ಕೆಇಎ ವಹಿಸಿಕೊಂಡ ಪರೀಕ್ಷೆಗಳಲ್ಲಿ ಸ್ವಲ್ಪ ಗಾಳಿ ಬದಲಾದದ್ದು ಕಾಣುತ್ತೆ, ಅದನ್ನ ಹೇಳಬೇಕು. 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ 2024ರ ಆರಂಭದಲ್ಲಿ ಅರ್ಜಿ ಕರೆದು, ಸೆಪ್ಟೆಂಬರ್ 29ಕ್ಕೆ ಕಡ್ಡಾಯ ಕನ್ನಡ ಪರೀಕ್ಷೆ, ಅಕ್ಟೋಬರ್ 27ಕ್ಕೆ ಸ್ಪರ್ಧಾತ್ಮಕ ಪರೀಕ್ಷೆ ಅದೇ ವರ್ಷದಲ್ಲಿ ಮುಗಿಸಿದರು. 402 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಜೊತೆ ಡಿಕ್ಕಿಯಾಗುತ್ತೆ ಅಂತ ಅಭ್ಯರ್ಥಿಗಳು ಹೇಳಿದಾಗ ದಿನಾಂಕ ಬದಲಿಸಿ 2024ರ ಅಕ್ಟೋಬರ್ 3ಕ್ಕೆ ಇಟ್ಟರು. ಮುಂದೂಡಿದ್ದಕ್ಕೆ ಯಾರೂ ಬೈಯಲಿಲ್ಲ, ಯಾಕೆಂದರೆ ಯಾಕೆ ಅನ್ನೋದೂ ಯಾವತ್ತಿಗೆ ಅನ್ನೋದೂ ಗೊತ್ತಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸಿಂಧನೂರಿನಲ್ಲಿ ಕೆಪಿಎಸ್‌ಸಿ ನಡೆಸಿದ ಪಿಡಿಒ ಪರೀಕ್ಷೆ ದಿನ ಅಭ್ಯರ್ಥಿಗಳು ಪತ್ರಿಕೆ ಸೋರಿಕೆ ಅಂತ ರಸ್ತೆಗೆ ಬಂದದ್ದನ್ನು ಇದರ ಪಕ್ಕ ಇಟ್ಟು ನೋಡಿದರೆ ನಂಬಿಕೆ ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ ಗೊತ್ತಾಗುತ್ತೆ.

ತಾಲ್ಲೂಕು ಮಟ್ಟದಲ್ಲೇ ಸರಿಮಾಡಬಹುದಾದ ಒಂದು ಇದೆ, ಅತಿಥಿ ಶಿಕ್ಷಕರದ್ದು. ಶಾಲೆ ಮುಗಿಯುವ ಹೊತ್ತಿಗೆ ಅವರ ಕೆಲಸವೂ ಮುಗಿಯುತ್ತೆ. ಮೇ ಕೊನೆಗೆ ಶಾಲೆ ತೆರೆದಾಗ ‘ಈ ವರ್ಷ ನಮ್ಮ ಶಾಲೆಗೆ ಎಷ್ಟು ಜನಕ್ಕೆ ಮಂಜೂರಾಗಿದೆ, ನನ್ನ ಹೆಸರು ಇದೆಯಾ’ ಅಂತ ಹೆಡ್ ಮಾಸ್ಟರ್ ಮನೆ, ಬಿಇಒ ಕಚೇರಿ ಅಂತ ಓಡಾಟ. ಹೋದ ವರ್ಷ ಅದೇ ಮಕ್ಕಳಿಗೆ ಪಾಠ ಮಾಡಿದವರನ್ನು ಈ ವರ್ಷ ಹೊಸಬರ ಹಾಗೆ ಕಾಯಿಸೋದು. ಆ ಕಾಯುವ ದಿನಗಳಲ್ಲಿ ಒಳ್ಳೆಯ ಮೇಷ್ಟ್ರು ಖಾಸಗಿ ಶಾಲೆಗೆ ಹೋಗಿಬಿಡುತ್ತಾರೆ. ಮಂಜೂರಾತಿ ಮೇಲಿನಿಂದ ಬರಬೇಕು, ಅದು ಬಿಇಒ ಕೈಯಲ್ಲಿಲ್ಲ. ಆದರೆ ತಾಲ್ಲೂಕಿನ ಯಾವ ಶಾಲೆಯಲ್ಲಿ ಯಾವ ವಿಷಯಕ್ಕೆ ಜಾಗ ಖಾಲಿ ಇದೆ, ಹೋದ ವರ್ಷದವರಲ್ಲಿ ಯಾರು ಮತ್ತೆ ಬರೋಕೆ ತಯಾರಿದ್ದಾರೆ ಅನ್ನೋ ಪಟ್ಟಿಯನ್ನ ಏಪ್ರಿಲ್‌ನಲ್ಲೇ ಮಾಡಿ ಕಚೇರಿ ಮುಂದಿನ ನೋಟಿಸ್ ಬೋರ್ಡಿಗೆ ಹಾಕೋದಕ್ಕೆ ಬೆಂಗಳೂರಿನ ಅನುಮತಿ ಬೇಕಾಗೋದಿಲ್ಲ.

ವಯೋಮಿತಿ ಸಡಿಲಿಕೆಗೆ ಸರ್ಕಾರ ಇಟ್ಟಿರುವ ಗಡುವು 2027ರ ಡಿಸೆಂಬರ್ 31. ಅಷ್ಟರೊಳಗೆ ಹೊರಡುವ ಅಧಿಸೂಚನೆಗಳಿಗೆ ಮಾತ್ರ ಅದು ಲೆಕ್ಕ. 38ರ ಅಂಚಿನಲ್ಲಿರುವ ಅಭ್ಯರ್ಥಿಗಳು ಈಗ ಕ್ಯಾಲೆಂಡರಿನಲ್ಲಿ ನೋಡ್ತಿರೋದು ಪರೀಕ್ಷೆಯ ದಿನಾಂಕವನ್ನಲ್ಲ, ಆ ದಿನಾಂಕವನ್ನ.